ಬಾಗಿಲು ತೋರಿಸಿದ 14 ಆ್ಯಂಟಿಬಾಡಿಗಳು

ಲ್ಯಾಬ್ ಕಥೆಗಳು, ಭಾಗ 6 🔬

1981. ಅಮೆರಿಕದಲ್ಲಿ ಗಟ್ಟಿಮುಟ್ಟಾಗಿದ್ದ ಯುವಕರು ಅಪರೂಪದ ಸೋಂಕುಗಳಿಗೆ ಬಲಿಯಾಗತೊಡಗಿದರು. ಅವರ ರಕ್ತದಲ್ಲಿ ಒಂದು ಬಗೆಯ ಬಿಳಿ ರಕ್ತಕಣ, ಸಹಾಯಕ ಟಿ ಕೋಶ, ತೀರಾ ಕಡಿಮೆ ಇತ್ತು. 1983ರಲ್ಲಿ ಪ್ಯಾರಿಸ್‌ನಲ್ಲಿ ವೈರಸ್ ಸಿಕ್ಕಿತು. ಆದ್ರೆ ಅದು ಈ ಕೋಶಕ್ಕೇ ಯಾಕೆ ನುಗ್ಗುತ್ತೆ?

ಇದನ್ನು ಹುಡುಕೋ ಸಾಧನ 1975ರಲ್ಲೇ ಕೇಂಬ್ರಿಡ್ಜ್‌ನಲ್ಲಿ ತಯಾರಾಗಿತ್ತು: ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಅವರ ಮೊನೊಕ್ಲೋನಲ್ ಆ್ಯಂಟಿಬಾಡಿ. ಒಂದು ಆ್ಯಂಟಿಬಾಡಿಗೆ ಒಂದೇ ಗುರಿ.

1984ರಲ್ಲಿ ಲಂಡನ್ನಿನ ಡಾಲ್‌ಗ್ಲೀಶ್, ರಾಬಿನ್ ವೈಸ್ ತಂಡ ಇಂಥ 155 ಆ್ಯಂಟಿಬಾಡಿಗಳನ್ನು ಪರೀಕ್ಷಿಸಿತು. ಯಾವುದು ಕೋಶಕ್ಕೆ ಅಂಟಿದ್ರೆ ವೈರಸ್ಸಿಗೆ ದಾರಿ ಮುಚ್ಚುತ್ತೆ ಅಂತ. ಅದರಲ್ಲಿ 14 ಸಿಡಿ4 ಅನ್ನೋ ಪ್ರೋಟೀನಿಗೆ ಅಂಟುವಂಥವು. ಆ 14ರಲ್ಲಿ ಪ್ರತಿಯೊಂದೂ ವೈರಸ್ಸನ್ನು ತಡೆಯಿತು! ಅಂದ್ರೆ ಬಾಗಿಲು ಅದೇ. ಪ್ಯಾರಿಸ್‌ನ ತಂಡವೂ ಅದೇ ವರ್ಷ ಅದನ್ನೇ ಕಂಡುಕೊಂಡಿತು.

ಎಚ್‌ಐವಿ ಇರುವವರ ರಿಪೋರ್ಟ್‌ನಲ್ಲಿ 'ಸಿಡಿ4 ಕೌಂಟ್' ಅಂತ ಇರುತ್ತಲ್ಲ, ಅದು ಈ ಕೋಶಗಳ ಲೆಕ್ಕ. ಎಣಿಸೋದೂ ಬಣ್ಣ ಕಟ್ಟಿದ ಆ್ಯಂಟಿಬಾಡಿಯಿಂದಲೇ. ಔಷಧಿ ಶುರುವಾದ ಮೇಲೆ ಆ ಸಂಖ್ಯೆ ಏರಿದ್ರೆ, ಒಬ್ಬರ ದೇಹ ಮತ್ತೆ ಚೇತರಿಸಿಕೊಳ್ತಿದೆ ಅಂತ ಅರ್ಥ.

#ವಿಜ್ಞಾನದಇತಿಹಾಸ #ಲ್ಯಾಬ್‌ಕಥೆಗಳು