ಕೋಲಾರದ ಅಂತರಗಂಗೆ

ಹೊಳೆಯ ದಡದಲ್ಲಿ ಊರು ಬೆಳೆಯುವುದು ಲೋಕರೂಢಿ. ಕಾವೇರಿಯಿಲ್ಲದೆ ತಲಕಾಡಿಲ್ಲ, ತುಂಗಭದ್ರೆಯಿಲ್ಲದೆ ಹಂಪೆಯಿಲ್ಲ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಕೋಲಾರವಾದರೋ ನಾಲ್ಕನೆಯ ಶತಮಾನದಲ್ಲಿಯೇ ಗಂಗ ಅರಸರ ಮೊದಲ ರಾಜಧಾನಿಯಾಯಿತು. ಮುಂದೆ ತಲಕಾಡಿಗೆ ಹೋದ ಮೇಲೂ ಆ ಅರಸರು 'ಕುವಳಾಲಪುರವರೇಶ್ವರ' ಎಂಬ ಬಿರುದನ್ನು ಬಿಡಲಿಲ್ಲ. ಕುವಳಾಲವೆಂದರೆ ಈ ಕೋಲಾರವೇ. ಇಂಥ ನಾಡಿನಲ್ಲಿ ಊರನ್ನು ಪೊರೆದ ನೀರು ಯಾವುದು? ಕೆರೆ ಬಾವಿಗಳ ಜೊತೆಗೆ ಪಶ್ಚಿಮದ ಶತಶೃಂಗ ಬೆಟ್ಟವನ್ನೂ ನೆನೆಯಬೇಕು.

ಆ ಬೆಟ್ಟದ ಇಳಿಜಾರಿನಲ್ಲಿ, ಕಾಶೀ ವಿಶ್ವೇಶ್ವರನ ಗುಡಿಯ ಬಳಿ, ಕಲ್ಲಿನ ಬಸವನ ಬಾಯಿಂದ ನೀರು ಕೊಳಕ್ಕೆ ಬೀಳುತ್ತದೆ. ಅದೇ ಅಂತರಗಂಗೆ. ವ್ಯಾಕರಣದಂತೆ 'ಅಂತರ್ಗಂಗೆ' ಎನ್ನಬೇಕು. ಒಳಗಿನ ಗಂಗೆ ಎಂದರ್ಥ. ಜನರ ನಾಲಗೆ ಅದನ್ನು ಮೃದುಗೊಳಿಸಿದೆ. ಇಂಥ ಒರತೆಗೆ 'ಊಟೆ' ಎಂಬ ಅಚ್ಚಗನ್ನಡದ ಹೆಸರೂ ಉಂಟು. ಬಾಯಲ್ಲಿ ನೀರೂರಿತು ಎನ್ನುವಾಗಿನ 'ಊರು' ಎಂಬುದೇ ಅದರ ಬೇರು.

ನೀರು ಕಾಶಿಯಿಂದ ನೆಲದೊಳಗೇ ಹರಿದು ಬರುವುದೆಂದು ಭಕ್ತರ ನಂಬಿಕೆ. ಭೂವಿಜ್ಞಾನ ಹೇಳುವುದು ಇಷ್ಟು: ಬೆಟ್ಟದ ಮೇಲಿನ ಮಣ್ಣು, ಗಿಡಗಂಟಿಗಳು ಮಳೆನೀರನ್ನು ತಡೆದು ಕುಡಿಯುತ್ತವೆ. ಅದು ಬಂಡೆಯ ಬಿರುಕುಗಳಲ್ಲಿ ಮೆಲ್ಲನೆ ಇಳಿದು, ದಾರಿ ಸಿಕ್ಕಲ್ಲಿ ಹೊರಬರುತ್ತದೆ. ಬಸವ ಕೇವಲ ಬಾಗಿಲು. ಕಣಜ ಇರುವುದು ಮೇಲೆ.

ಇಲ್ಲಿನ ಗವಿಗಳೂ ಆ ಬಿರುಕುಗಳ ಒಡಹುಟ್ಟಿದವೇ. ನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ಗುಹೆಗಳಲ್ಲ ಇವು. ಬಿಸಿಲು ಮಳೆಗಳಿಗೆ ಸೀಳಿದ ಕಗ್ಗಲ್ಲಿನ ಗುಂಡುಗಳು ಉರುಳಿ, ಒಂದರ ಮೇಲೊಂದು ಒರಗಿದಾಗ ಉಳಿದ ಸಂದುಗಳು. ಒಳಗೆ ತೆವಳಬೇಕು, ಬ್ಯಾಟರಿ ದೀಪ ಹಿಡಿಯಬೇಕು, ದಾರಿ ಬಲ್ಲವರು ಜೊತೆಗಿರಬೇಕು. ಮುಳಬಾಗಿಲು, ಕುರುಡುಮಲೆಗಳ ಕಡೆಯ ಬಂಡೆಬೆಟ್ಟಗಳೂ ಇದೇ ಜಾತಿಯವು.

ಬೆಂಗಳೂರಿನ ಮಲ್ಲೇಶ್ವರದಲ್ಲಿಯೂ ನಂದಿಯ ಬಾಯಿಂದ ನೀರು ಬೀಳುವ ಒಂದು ತೀರ್ಥವುಂಟು. ಮಣ್ಣಿನಲ್ಲಿ ಹೂತಿದ್ದ ಅದು 1997ರಲ್ಲಿ ನೆಲ ಅಗೆದಾಗ ಬೆಳಕಿಗೆ ಬಂತು. ನೀರಿನ ಬಾಯಿಗೆ ಬಸವನನ್ನಿಟ್ಟ ಹಿರಿಯರು ಅಲ್ಲಿ ಕೊಳೆ ತೊಳೆಯಲು ಕೈ ಹಿಂಜರಿಯುವಂತೆ ಮಾಡಿದರು. ಕಾಯಿದೆಯಿಲ್ಲದ ಕಾವಲು ಅದು.

ಇಂದು ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ತಂದು ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಷ್ಟು ದೂರದ ನೀರಿಗೆ ಕೈಯೊಡ್ಡುವ ಜಿಲ್ಲೆ ತನ್ನ ಬೆಟ್ಟದ ಮೇಲೆ ಬೀಳುವ ಮಳೆಯನ್ನು ಮರೆಯಬಾರದು. ಬಸವನ ಕೊರಳಿಗೆ ಹೂಮಾಲೆ ಹಾಕಿದರೆ ಸಂತೋಷ; ಆದರೆ ಮೇಲಿನ ಗಿಡ ಕಡಿದು, ಬೆಂಕಿಯಿಟ್ಟು, ಬಂಡೆ ಒಡೆದರೆ ಆ ಬಾಯಿ ಒಣಗುತ್ತದೆ. ಅಂತರಗಂಗೆಯ ಪೂಜೆ ಬೆಟ್ಟದ ನೆತ್ತಿಯಿಂದ ಆರಂಭವಾಗಬೇಕು.