ಸೋರಿಕೆ ತಡೆದವರ ಚರಿತ್ರೆ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಅಶ್ವಶಕ್ತಿಯ ಲೆಕ್ಕವನ್ನೇ ಹಿಡಿದು ಹೊರಡುತ್ತಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿ ನಗರದಿಂದ ಮಾರಾಟಕ್ಕೆ ತಂದ ಎಂಜಿನ್ನಿಗೆ ಒಂದೂವರೆ ಅಶ್ವಶಕ್ತಿಯಿತ್ತು. ಇಂದಿನ ದೊಡ್ಡ ಎಂಜಿನ್ನುಗಳು 300, 400ನ್ನೂ ದಾಟಿವೆ. ಆದರೆ ಈ ಲೆಕ್ಕದಲ್ಲಿ ತೂಕದ ಮಾತು ಮರೆಯಾಗುತ್ತದೆ. ಔಟ್‌ಬೋರ್ಡ್ ಎಂಜಿನ್ನಿನ ದೊಡ್ಡ ಗುಣವೆಂದರೆ ಅದನ್ನು ನೀರಿನಿಂದ ಮೇಲಕ್ಕೆ ಎತ್ತಬಹುದು. ಆಳವಿಲ್ಲದ ಕಡೆ ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ, ದಡಕ್ಕೆ ಬಂದಾಗ ಮರಳಿನಲ್ಲಿ ಹೂತುಹೋಗದಂತೆ, ನಿಂತಾಗ ಉಪ್ಪುನೀರು ಲೋಹವನ್ನು ತಿನ್ನದಂತೆ ಕಾಯುವುದು ಈ ಎತ್ತುವ ಅನುಕೂಲವೇ. ಎವಿನ್‌ರೂಡ್‌ನ ಎಂಜಿನ್ನು 62 ಪೌಂಡು, ಅಂದರೆ ಸುಮಾರು 28 ಕಿಲೋ ಇತ್ತು, ಒಬ್ಬಾಳು ಎತ್ತಬಹುದಿತ್ತು. 200 ಕಿಲೋ ಮೀರಿದ ಇಂದಿನ ಎಂಜಿನ್ನನ್ನು ಅಲುಗುವ ದೋಣಿಯಲ್ಲಿ ನಿಂತು ಯಾರೂ ಎತ್ತಲಾರರು. ಅದನ್ನು ಎತ್ತುವುದು ಎಣ್ಣೆಯ ಒತ್ತಡ; ಆ ಒತ್ತಡವನ್ನು ಹಿಡಿದಿಡುವುದು ಒಂದು ರಬ್ಬರ್ ಉಂಗುರ, ಅಂದರೆ ಸೀಲು. ಹೀಗಾಗಿ ದೊಡ್ಡ ಔಟ್‌ಬೋರ್ಡಿನ ಬೆಳವಣಿಗೆ ಅಶ್ವಶಕ್ತಿಯಷ್ಟೇ ಸೀಲಿನ ಋಣದಲ್ಲೂ ಇದೆ, ಸೋರುವ ಟಿಲ್ಟನ್ನು, ಅಂದರೆ ಈ ಎತ್ತುವ ವ್ಯವಸ್ಥೆಯನ್ನು, ಸರಿಪಡಿಸುವವನು ಯಂತ್ರದ ಅಂಚಿನ ಕೆಲಸವನ್ನಲ್ಲ, ನಡುಮನೆಯ ಕೆಲಸವನ್ನೇ ಮಾಡುತ್ತಿದ್ದಾನೆ ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ಹುಡುಕಲು ದೋಣಿಗಿಂತ ಬಹಳ ಹಿಂದಕ್ಕೆ ಹೋಗಬೇಕು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಪ್ಯಾಸ್ಕಲ್ 17ನೇ ಶತಮಾನದಲ್ಲೇ ವಿವರಿಸಿದ್ದ. ಆ ತತ್ವದಿಂದ ದುಡಿಯುವ ಯಂತ್ರವೊಂದು ಹುಟ್ಟಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅವನನ್ನು ಕಾಡಿದ್ದು ಸೋರಿಕೆ. ಪಿಸ್ಟನ್ನಿನ ಸುತ್ತ ನಾರನ್ನು ಬಿಗಿಯಾಗಿ ತುಂಬಿದರೆ ನೀರು ನಿಲ್ಲುತ್ತಿತ್ತು, ಜೊತೆಗೆ ಪಿಸ್ಟನ್ನೂ ನಿಲ್ಲುತ್ತಿತ್ತು. ಸಡಿಲಿಸಿದರೆ ಎರಡೂ ಹೊರಡುತ್ತಿದ್ದವು. ಬಟ್ಟಲಿನಂತೆ ಬಾಗಿಸಿದ ತೊಗಲಿನ ಪಟ್ಟಿಯೊಂದು ಈ ಬಿಕ್ಕಟ್ಟನ್ನು ಬಿಡಿಸಿತು. ಒಳಗಿನ ನೀರೇ ಅದರ ಅಂಚನ್ನು ಲೋಹಕ್ಕೆ ಒತ್ತುತ್ತದೆ; ಒತ್ತಡ ಏರಿದಷ್ಟೂ ತಡೆ ಗಟ್ಟಿಯಾಗುತ್ತದೆ, ಒತ್ತಡ ಇಳಿದಾಗ ಪಿಸ್ಟನ್ ಸಲೀಸಾಗಿ ಹಿಂದಿರುಗುತ್ತದೆ. ಇದು ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆಯ ಹೊಳಹು ಎಂದು ಮಾಡ್ಸ್ಲೆಯ ಕೈಕೆಳಗೆ ದುಡಿದ ಜೇಮ್ಸ್ ನಾಸ್ಮಿತ್ ದಾಖಲಿಸಿದ್ದಾನೆ. ಸೋರಬೇಕೆಂದು ನುಗ್ಗುವ ದ್ರವದ ಬಲವನ್ನೇ ಸೋರಿಕೆಯ ವಿರುದ್ಧ ತಿರುಗಿಸಿದ ಈ ಯೋಚನೆಯನ್ನು ನಾನು ಯಂತ್ರಶಿಲ್ಪದ ಅತ್ಯಂತ ಚೆಲುವಾದ ಯೋಚನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ತೊಗಲು ಒಣಗುತ್ತದೆ, ಸವೆಯುತ್ತದೆ. ಸಹಜ ರಬ್ಬರ್ ಖನಿಜ ತೈಲದಲ್ಲಿ ಊದಿಕೊಳ್ಳುತ್ತದೆ. 1930ರ ದಶಕದಲ್ಲಿ ನಿಯೋಪ್ರೀನ್, ನೈಟ್ರೈಲ್ ಮೊದಲಾದ ಎಣ್ಣೆಗೆ ಜಗ್ಗದ ಕೃತಕ ರಬ್ಬರುಗಳು ಬಂದ ಮೇಲೆ ಈ ಅಡ್ಡಿ ಸರಿಯಿತು. ಅದೇ ದಶಕದಲ್ಲಿ, 1937ರಲ್ಲಿ, ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಬಂದಿದ್ದ, ಎಪ್ಪತ್ತು ದಾಟಿದ ನೀಲ್ಸ್ ಕ್ರಿಸ್ಟೆನ್ಸನ್ ಓ-ರಿಂಗ್ ಎಂಬ ರಬ್ಬರ್ ಉಂಗುರಕ್ಕೆ ಪೇಟೆಂಟ್ ಕೋರಿದ, 1939ರಲ್ಲಿ ಸಿಕ್ಕಿತು. ತನಗಿಂತ ತುಸು ಅಗಲವಾದ ತೋಡಿನಲ್ಲಿ ಕೂತ ಉಂಗುರವನ್ನು ಎಣ್ಣೆ ಒಂದು ಬದಿಗೆ ತಳ್ಳಿ, ಅಮುಕಿ, ಸಂದನ್ನು ಮುಚ್ಚಿಸುತ್ತದೆ. ಮಾಡ್ಸ್ಲೆಯ ತೊಗಲಿನ ನ್ಯಾಯವೇ ಇಲ್ಲೂ ಇದೆ. ಎರಡನೇ ಮಹಾಯುದ್ಧದಲ್ಲಿ ಅದು ಅಮೆರಿಕದ ಯುದ್ಧವಿಮಾನಗಳ ಹೈಡ್ರಾಲಿಕ್ಸಿಗೆ ಸೇರಿತು, ಯುದ್ಧ ಮುಗಿದ ಮೇಲೆ ಎಲ್ಲ ಯಂತ್ರಗಳಿಗೂ ಹಬ್ಬಿತು. ಎಲೆಕ್ಟ್ರಿಕ್ ಮೋಟಾರು, ಚಿಕ್ಕ ಪಂಪು, ಸಿಲಿಂಡರುಗಳನ್ನು ಕೂಡಿಸಿ ಔಟ್‌ಬೋರ್ಡನ್ನು ಎತ್ತುವ ವ್ಯವಸ್ಥೆ 1960, 70ರ ದಶಕಗಳಲ್ಲಿ ನೆಲೆಯೂರಿದ್ದು ಇದರ ಬೆನ್ನಿಗೆ.

ಎತ್ತಲು ಹೈಡ್ರಾಲಿಕ್ಸೇ ಬೇಕೇ ಎಂದು ಕೇಳಬಹುದು. ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳನ್ನು ಮೀನುಗಾರರು ಕೈಯಿಂದಲೇ ಎತ್ತುತ್ತಾರೆ; ಅಲ್ಲಿ ಸೋರಲು ಏನೂ ಇಲ್ಲ. ಆ ಗಾತ್ರಕ್ಕೆ ಅದೇ ಸರಿ, ಒಪ್ಪುತ್ತೇನೆ. ಆದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ: ಸೀಲಿನ ನೆರವಿಲ್ಲದ ಎಂಜಿನ್ನು ಮನುಷ್ಯನ ತೋಳಿನ ಮಿತಿಯೊಳಗೇ ಉಳಿಯಬೇಕು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸೀಲು ಅಷ್ಟು ಮುಖ್ಯವಾದರೆ ಸೋರಿದ ಘಟಕವನ್ನು ಇಡಿಯಾಗಿ ಬದಲಿಸುವುದೇ ಕ್ಷೇಮವಲ್ಲವೇ? ಕೆಲವೊಮ್ಮೆ ಹೌದು. ಪಿಸ್ಟನ್ನಿಗೆ ಸೇರಿದ ರಾಡಿನ ಕ್ರೋಮ್ ಲೇಪ ಉಪ್ಪಿನಿಂದ ಗುಳಿಬಿದ್ದಿದ್ದರೆ ಹೊಸ ಉಂಗುರವನ್ನೂ ಅದು ಕೆಲವೇ ದಿನಗಳಲ್ಲಿ ಕೊಯ್ದುಹಾಕುತ್ತದೆ. ಆದರೆ ಸವೆಯುವ ಪಾಲನ್ನು ಅಗ್ಗದ ಉಂಗುರಕ್ಕೆ ವಹಿಸಿ ದುಬಾರಿ ಲೋಹವನ್ನು ಉಳಿಸುವುದು ತೊಗಲಿನ ಕಾಲದಿಂದ ಬಂದ ಏರ್ಪಾಡು. ಉಂಗುರ ಸವೆದದ್ದಕ್ಕೆ ಸಿಲಿಂಡರನ್ನೂ ಎಸೆದರೆ ಆ ಏರ್ಪಾಡಿಗೆ ಅರ್ಥವೇ ಉಳಿಯುವುದಿಲ್ಲ.

ರಿಪೇರಿಯ ಕ್ರಮವೂ ಈ ವಿವೇಚನೆಯಿಂದಲೇ ಹುಟ್ಟುತ್ತದೆ. ರಾಡಿನ ಬುಡದಲ್ಲಿ ಎಣ್ಣೆ ಜಿನುಗಿದರೆ ರಾಡಿನ ಸೀಲು ಹೋಗಿದೆ. ಹೊರಗೆ ಹನಿಯೂ ಕಾಣದೆ ಎಂಜಿನ್ನು ರಾತ್ರಿಯೆಲ್ಲ ನಿಧಾನವಾಗಿ ಕುಸಿದರೆ ಸೋರಿಕೆ ಒಳಗಿದೆ: ಪಿಸ್ಟನ್ನಿನ ಉಂಗುರದಲ್ಲಿ, ಕಸ ಸಿಕ್ಕಿದ ವಾಲ್ವಿನಲ್ಲಿ, ಇಲ್ಲವೇ ಕೈಯಿಂದ ಇಳಿಸಲೆಂದು ಇಟ್ಟ ತಿರುಪಿನಲ್ಲಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಣ್ಣೆ ತುಂಬಿಸುತ್ತ ಹೋದರೆ ಇವು ಯಾವುವೂ ವಾಸಿಯಾಗುವುದಿಲ್ಲ. ಎಂಜಿನ್ನಿಗೆ ಭದ್ರವಾದ ಆಸರೆ ಕೊಟ್ಟು, ಒತ್ತಡ ಇಳಿಸಿದ ಮೇಲೆಯೇ ಬಿಚ್ಚಬೇಕು. ಓ-ರಿಂಗುಗಳ ಅಳತೆಗೆ ವಿಮಾನೋದ್ಯಮ ರೂಪಿಸಿದ ಎಎಸ್ 568 ಎಂಬ ಮಾನದಂಡವಿದೆ. ಅಳತೆ ಅದಕ್ಕೆ ಹೊಂದಿದರೆ, ಒಳವ್ಯಾಸ ಮತ್ತು ದಪ್ಪವನ್ನು ಅಳೆದು, ಆ ಎಣ್ಣೆಗೆ ಒಗ್ಗುವ ರಬ್ಬರಿನ ಉಂಗುರವನ್ನು ಸೀಲಿನ ಅಂಗಡಿಯಲ್ಲಿ ಕೊಳ್ಳಬಹುದು. ರಾಡಿನ ಕೊಳೆ ಒರೆಸುವ ಹೊರ ಸೀಲಿನ ಆಕಾರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕಾಗಿ ತಯಾರಕರು ಸೀಲಿನ ಕಿಟ್ಟನ್ನು ಬಿಡಿಯಾಗಿ, ಹಳೆಯ ಮಾದರಿಗಳಿಗೂ, ಮಾರುತ್ತಲೇ ಇರಬೇಕು.