ರಾಗಿ, ದುಡಿಮೆ ಮತ್ತು ಆರೋಗ್ಯ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆಹಾರ ಚರಿತ್ರೆ

ಹಸಿವನ್ನು ಹಿಂಗಿಸುವುದರ ಜೊತೆಗೆ ದೇಹದ ನಿರ್ದಿಷ್ಟ ಕ್ರಿಯೆಗಳಿಗೆ ಒತ್ತಾಸೆಯಾಗಿ ನಿಂತು ರೋಗದ ಸಂಭವವನ್ನು ತಗ್ಗಿಸುವ ಆಹಾರವನ್ನು ಇಂದಿನ ಪೋಷಣಶಾಸ್ತ್ರ ಆರೋಗ್ಯವರ್ಧಕ ಆಹಾರವೆಂದು ಕರೆಯುತ್ತದೆ. 1980ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಪರಿಕಲ್ಪನೆಗೆ 1991ರಲ್ಲಿ ಆ ದೇಶದ ಸರ್ಕಾರ ಅಧಿಕೃತ ಮನ್ನಣೆ ನೀಡಿತು. ಭಾರತದಲ್ಲಿ ಈ ಮಾತು ಬಂದಾಗಲೆಲ್ಲ ಮೊದಲು ಉಲ್ಲೇಖಗೊಳ್ಳುವ ಧಾನ್ಯಗಳಲ್ಲಿ ರಾಗಿಯೂ ಒಂದು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಆಹಾರ ಚರಿತ್ರೆಯನ್ನು ಆಧರಿಸಿ, ರಾಗಿಗೆ ಸಲ್ಲುವ ಹಿರಿಮೆ ಆ ಧಾನ್ಯವೊಂದರದೇ ಅಥವಾ ಅದನ್ನು ಬೆಳೆದು ಉಣ್ಣುತ್ತಿದ್ದ ಬದುಕಿನ ಕ್ರಮದ್ದೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಭೂಗೋಳ ಹಾಗೂ ಆಡಳಿತದ ದೃಷ್ಟಿಯಿಂದ ಈ ಮೂರು ತಾಲ್ಲೂಕುಗಳ ಹಿನ್ನೆಲೆ ಒಂದೇ ಬಗೆಯದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ನಂತರ ಕೊಳ್ಳೇಗಾಲ ಸೀಮೆ ಬ್ರಿಟಿಷರ ವಶವಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಸುವರ್ಣಾವತಿಯ ಬಯಲಿನ ಯಳಂದೂರಿನಲ್ಲೂ ಕಾವೇರಿಯ ಅಂಚಿನ ಕೊಳ್ಳೇಗಾಲದಲ್ಲೂ ಭತ್ತದ ಗದ್ದೆಗಳಿವೆ. ಬೆಟ್ಟಗುಡ್ಡಗಳ ಹನೂರು ಬಹುಮಟ್ಟಿಗೆ ಮಳೆಯನ್ನು ನಂಬಿದ ಬೆದ್ದಲು ಸೀಮೆ.

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಹನೂರು, ಕೌದಳ್ಳಿಗಳ ಮಾರ್ಗವಾಗಿ ಕಾವೇರಿಪುರದ ಘಟ್ಟದತ್ತ ಸಾಗಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನವು ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಪ್ರಧಾನವೆಂದೂ ದುಡಿಯುವ ಜನರ ನಿತ್ಯದ ಊಟ ಅದೇ ಎಂದೂ ಮೈಸೂರು ಸೀಮೆಯ ಬಗ್ಗೆ ದಾಖಲಿಸುತ್ತದೆ. ಮಲೆ ಮಹದೇಶ್ವರ ಕಾವ್ಯವೂ ಇದಕ್ಕೆ ಸಾಕ್ಷಿಯಾಗಿದೆ. ದೇವರಗುಡ್ಡರು ಹಾಡುವ ಆ ಕಥನದಲ್ಲಿ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕಕ್ಕೆ ನಿಲ್ಲುತ್ತಾನೆ. ದೇವರ ಮಹಿಮೆಯನ್ನು ಪರೀಕ್ಷಿಸಲು ಜನಪದರು ಬೀಸುವ ಕಲ್ಲನ್ನೇ ಆರಿಸಿಕೊಂಡಿರುವುದು ಗಮನಾರ್ಹ. ಹಿಟ್ಟಿನ ಹಿಂದಿನ ದುಡಿಮೆ ಎಷ್ಟೆಂಬುದನ್ನು ಅವರು ಮೈಯಿಂದಲೇ ಅರಿತಿದ್ದರು.

ಈ ಸೀಮೆಯ ಹೊಲಗಳಲ್ಲಿ ರಾಗಿ ಒಂಟಿ ಬೆಳೆಯಾಗಿರಲಿಲ್ಲ. ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳು ಬರುತ್ತಿದ್ದವು. ಮುದ್ದೆಗೆ ಜೊತೆಯಾಗುವ ಬಸ್ಸಾರು, ಉಪ್ಸಾರುಗಳಿಗೆ ಬೇಳೆ ಅಕ್ಕಡಿಯಿಂದ, ಸೊಪ್ಪು ಹೊಲದ ಬದುವಿನಿಂದ ಒದಗುತ್ತಿತ್ತು. ಹುಳು ಹಿಡಿಯದ ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಿಡಬಹುದಾಗಿತ್ತು. ಮೊಳಕೆ ಕಟ್ಟಿದ ರಾಗಿಯ ಸರಿ ಎಳೆಯ ಮಕ್ಕಳಿಗೆ ಮೀಸಲಾದ ಆಹಾರ. ಹಾಗೆಂದು ಅದು ಸಮೃದ್ಧಿಯ ಕಾಲವೆಂದು ಭಾವಿಸಲಾಗದು. 1876–78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನೂ ಕೊಯಮತ್ತೂರು ಜಿಲ್ಲೆಯನ್ನೂ ತೀವ್ರವಾಗಿ ಬಾಧಿಸಿತು. ಸತತವಾಗಿ ಮಳೆ ಕೈಕೊಟ್ಟಾಗ ಹಗೇವುಗಳೂ ಬರಿದಾಗುತ್ತಿದ್ದವು.

ಭಾರತದಲ್ಲಿ ಪ್ರಯೋಗಾಲಯದ ಪೋಷಣಶಾಸ್ತ್ರ ನೆಲೆಯೂರಿದ್ದು ಈ ಸೀಮೆಗೆ ದೂರವಲ್ಲದ ನೀಲಗಿರಿಯ ಕೂನೂರಿನಲ್ಲಿ. ಅಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಬೆರಿಬೆರಿ ರೋಗದ ಶೋಧವನ್ನು ಆರಂಭಿಸಿದರು. ಭಾರತದ ಬೇರೆ ಬೇರೆ ಪ್ರದೇಶಗಳ ಊಟವನ್ನು ಇಲಿಗಳಿಗೆ ಉಣಿಸಿ ಹೋಲಿಸಿದ ಅವರ ಪ್ರಯೋಗಗಳು, ಅಕ್ಕಿಯನ್ನೇ ನೆಚ್ಚಿದ ಬಡ ಊಟದ ಕೊರತೆಯನ್ನು ಎತ್ತಿ ತೋರಿಸಿದವು. 1937ರಲ್ಲಿ ಆಕ್ರಾಯ್ಡ್ ಭಾರತೀಯ ಆಹಾರಗಳ ಪೋಷಕಾಂಶಗಳ ಕೈಪಿಡಿಯನ್ನು ಹೊರತಂದರು. ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. 2017ರಲ್ಲಿ ಅದು ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 11 ಗ್ರಾಂಗಳಷ್ಟು ನಾರು ಇದೆ. ಅಷ್ಟೇ ತೂಕದ ಗಿರಣಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 8 ಮಿಲಿಗ್ರಾಂ ಮೀರದು, ನಾರು 3 ಗ್ರಾಂ ಮುಟ್ಟದು. ಆದರೆ ಪ್ರೋಟೀನಿನ ಪ್ರಮಾಣದಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ. ಲೈಸಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಕಡಿಮೆ. ಈ ಕೊರತೆಯನ್ನು ತುಂಬಬಲ್ಲವು ಅಕ್ಕಡಿಯ ಅವರೆ, ತೊಗರಿಗಳೇ.

1950ರಲ್ಲಿ ಮೈಸೂರಿನಲ್ಲಿ ಆರಂಭಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರಾಗಿಯ ಅಧ್ಯಯನವನ್ನು ಮುಂದುವರಿಸಿತು. ವಿ. ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಮತ್ತಿತರರು 1959ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಬಡವರ ಸಸ್ಯಾಹಾರದ ಅಕ್ಕಿಯನ್ನು ಭಾಗಶಃ ಅಥವಾ ಪೂರ್ತಿಯಾಗಿ ತೆಗೆದು ರಾಗಿ ಕೊಟ್ಟಾಗ ಮಕ್ಕಳ ದೇಹದಲ್ಲಿ ಉಳಿಯುವ ಕ್ಯಾಲ್ಸಿಯಂ ಹೆಚ್ಚಿದ್ದು ಕಂಡುಬಂದಿತು. ಅನಂತರದ ದಶಕಗಳಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ರಾಗಿಯ ಮಾಲ್ಟ್, ಸಿಪ್ಪೆಯ ಪಾಲಿಫಿನಾಲ್‌ಗಳು ಹಾಗೂ ಸಂಸ್ಕರಣೆಯ ವಿಧಾನಗಳನ್ನು ಕುರಿತು ವಿಸ್ತೃತವಾಗಿ ಕೆಲಸ ಮಾಡಿದರು. ಮೊಳಕೆ ಕಟ್ಟುವುದರಿಂದ ಖನಿಜಾಂಶಗಳ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ತಗ್ಗುತ್ತದೆಂಬ ತಿಳಿವಳಿಕೆ ತಾಯಂದಿರ ಹಳೆಯ ಪದ್ಧತಿಗೆ ವೈಜ್ಞಾನಿಕ ಆಧಾರ ಒದಗಿಸಿತು. ನಾರು ಮತ್ತು ಪಾಲಿಫಿನಾಲ್ ಬಹುಪಾಲು ಸಿಪ್ಪೆಯಲ್ಲಿರುವುದರಿಂದ, ಜರಡಿಯಾಡಿದ ನುಣ್ಣನೆಯ ಹಿಟ್ಟಿನ ತಿನಿಸು ಇಡೀ ರಾಗಿಗೆ ಸಮನಾಗದೆಂಬುದೂ ಸ್ಪಷ್ಟವಾಯಿತು. ಮಧುಮೇಹಿಗಳಿಗೆ ರಾಗಿ ಹೇಗೆ ತಿಂದರೂ ಹಿತವೆಂಬ ಜನಪ್ರಿಯ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿ ಎಚ್ಚರದಿಂದ ನೋಡಬೇಕಾಗುತ್ತದೆ.

ರಾಗಿಯ ಗುಣ ಹೀಗೆ ಪ್ರಯೋಗಾಲಯದಲ್ಲಿ ಸ್ಥಾಪಿತವಾಗುತ್ತಿದ್ದ ಕಾಲದಲ್ಲೇ ಅದರ ಸುತ್ತಲಿನ ಬದುಕು ಬದಲಾಗುತ್ತಿತ್ತು. ಹಿಪ್ಪುನೇರಳೆ, ಅರಿಸಿನ, ಮುಸುಕಿನ ಜೋಳದಂತಹ ಮಾರಾಟದ ಬೆಳೆಗಳು ಹೊಲಗಳಿಗೆ ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಬೆಸೆದು ರೂಪಿಸಿದ ಇಂಡಾಫ್ ತಳಿಗಳು ಇಳುವರಿಯನ್ನೇನೋ ಹೆಚ್ಚಿಸಿದವು. ಆದರೆ ಬೆಳೆದ ರಾಗಿ ಬೆಳೆದವರ ಮನೆಯಲ್ಲೇ ಉಳಿಯುವಂತೆ ಮಾಡುವುದು ತಳಿಯ ಶಕ್ತಿಗೆ ಮೀರಿದ್ದು. ಬೀಸುವ ಕಲ್ಲಿನ ಸ್ಥಾನಕ್ಕೆ ಗಿರಣಿ ಬಂದದ್ದು ಹೆಂಗಸರ ಪಾಲಿಗೆ ನಿಜವಾದ ಬಿಡುಗಡೆ. ಅದನ್ನು ನಷ್ಟವೆಂದು ಬರೆಯುವ ಚರಿತ್ರೆ ಅರ್ಧ ಚರಿತ್ರೆಯಾದೀತು. 2013ರ ಅನ್ನಭಾಗ್ಯ ಯೋಜನೆ ಬಡ ಕುಟುಂಬಗಳಿಗೆ ಅಕ್ಕಿಯನ್ನು ಖಾತ್ರಿಪಡಿಸಿ ಹಸಿವಿನ ಭಯವನ್ನು ತಗ್ಗಿಸಿತು. ಜೊತೆಗೆ ಅನ್ನವನ್ನು ದಿನನಿತ್ಯದ ಊಟವಾಗಿಯೂ ನೆಲೆಗೊಳಿಸಿತು.

ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರಲ್ಲಿ ಈ ಬದಲಾವಣೆ ಇನ್ನೂ ತೀಕ್ಷ್ಣವಾಗಿತ್ತು. ಸ್ಥಳಾಂತರ ಬೇಸಾಯದ ರಾಗಿ, ಕಾಡಿನ ಗೆಡ್ಡೆಗೆಣಸು, ಸೊಪ್ಪು, ಜೇನು, ನೆಲ್ಲಿ ಅವರ ಆಹಾರದ ಆಧಾರಗಳಾಗಿದ್ದವು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಅಲ್ಲಿನ ಸೋಲಿಗರ ಬೇಸಾಯ ಪೋಡುಗಳ ಬಳಿಯ ತುಂಡು ಭೂಮಿಗೆ ಸೀಮಿತವಾಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಚಿಕಿತ್ಸೆ, ಶಿಕ್ಷಣ, ಜೀವನೋಪಾಯಗಳನ್ನು ಬೇರ್ಪಡಿಸದೆ ಕೈಗೆತ್ತಿಕೊಂಡಿತು. 1996ರಲ್ಲಿ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ವಹಿಸಿಕೊಂಡಿತು. ಸೋಲಿಗರಲ್ಲಿ ಸಿಕಲ್ ಸೆಲ್ ಅನೀಮಿಯಾ ಇರುವುದು ಇಲ್ಲಿ ಮತ್ತೊಂದು ಎಚ್ಚರಿಕೆಯನ್ನು ನೀಡುತ್ತದೆ. ಅದು ವಂಶವಾಹಿ ಮೂಲದ ಕಾಯಿಲೆ. ಯಾವ ಸೊಪ್ಪಾಗಲಿ ಧಾನ್ಯವಾಗಲಿ ಅದನ್ನು ಗುಣಪಡಿಸಲಾರದು. ರಕ್ತಹೀನತೆ ಕಂಡಲ್ಲೆಲ್ಲ ಆಹಾರವೊಂದನ್ನೇ ಪರಿಹಾರವೆಂದು ಸೂಚಿಸುವ ಉತ್ಸಾಹಕ್ಕೆ ರಕ್ತಪರೀಕ್ಷೆಯ ಕಡಿವಾಣ ಬೇಕು.

ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಆಹಾರ ಚರಿತ್ರೆಯ ದೃಷ್ಟಿಯಿಂದ ಇದು ಪೋಷಣೆಗೂ ಸಂಬಂಧಿಸಿದ ಘಟನೆ. ಗೆಡ್ಡೆ, ಜೇನು, ನೆಲ್ಲಿಗಳ ಪೋಷಕಾಂಶ ಎಷ್ಟೆಂದು ಅಳೆಯುವುದು ಒಂದು ಮಾತು. ಅವುಗಳನ್ನು ತರಲು ಕಾಡಿಗೆ ಹೋಗುವ ಅಧಿಕಾರವಿದೆಯೇ ಎಂಬುದು ಇನ್ನೊಂದು ಮಾತು. 2018ರಲ್ಲಿ ಭಾರತ ಸರ್ಕಾರ ರಾಗಿಯನ್ನು ಪೌಷ್ಟಿಕ ಧಾನ್ಯಗಳ ಪಟ್ಟಿಗೆ ಸೇರಿಸಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಈ ಮನ್ನಣೆಯಿಂದ ನಗರಗಳ ಅಂಗಡಿಗಳಲ್ಲಿ ರಾಗಿಯ ಬಿಸ್ಕತ್ತು, ಶ್ಯಾವಿಗೆ, ಮಾಲ್ಟ್‌ಗಳಿಗೆ ಬೇಡಿಕೆ ಕುದುರಿದೆ.

ಒಟ್ಟಾರೆ, ರಾಗಿಯ ಆರೋಗ್ಯ ಗುಣ ಕೇವಲ ಕಾಳಿನಲ್ಲಿ ಅಡಗಿರಲಿಲ್ಲ ಎಂಬುದನ್ನು ಈ ಮೂರು ತಾಲ್ಲೂಕುಗಳ ಚರಿತ್ರೆ ತೋರಿಸುತ್ತದೆ. ಅಕ್ಕಡಿಯ ಬೇಳೆ, ಬದುವಿನ ಸೊಪ್ಪು, ಸಿಪ್ಪೆ ಕಳೆಯದ ಹಿಟ್ಟು, ಮೈಮುರಿದ ದುಡಿಮೆ ಮತ್ತು ಭೂಮಿಯ ಮೇಲಿನ ಹಕ್ಕು ಒಂದುಗೂಡಿದಾಗ ಅದು ಫಲ ನೀಡುತ್ತಿತ್ತು. ಹಳೆಯ ದುಡಿಮೆಯ ಕಷ್ಟವನ್ನು ಮರಳಿ ತರಬೇಕೆಂದು ಯಾರೂ ಬಯಸಲಾರರು. ಆದರೆ ಆ ಊಟದ ಕೂಟವನ್ನು ಉಳಿಸಿಕೊಳ್ಳುವುದು ಸಾಧ್ಯ. ಮುಂದಿನ ಸಂಶೋಧನೆ ಕಾಳಿನ ರಾಸಾಯನಿಕ ವಿಶ್ಲೇಷಣೆಯಲ್ಲಿ ನಿಲ್ಲದೆ ಹನೂರಿನ ಬೆದ್ದಲಿಗೂ ಯಳಂದೂರಿನ ಪೋಡುಗಳಿಗೂ ಹೋಗಬೇಕು. ಬೆಳೆದ ರಾಗಿಯಲ್ಲಿ ಎಷ್ಟು ಪಾಲು ಬೆಳೆದವರ ತಟ್ಟೆಗೆ ಸೇರುತ್ತದೆ, ಅದರ ಜೊತೆಗೆ ಬೇಳೆ ಸೊಪ್ಪುಗಳು ಇವೆಯೇ ಎಂಬುದನ್ನು ಮನೆಮನೆಯಲ್ಲಿ ದಾಖಲಿಸುವುದು ಅದರ ಮೊದಲ ಹೊಣೆ.